ಒಂದನೇ ಕ್ಲಾಸಿನ ಮಣೆ

ನನಗೆ ಸಿಟ್ಟು ಬೇಗ ಬರುವುದಿಲ್ಲ, ಬಂದರೆ ಹೋಗುವುದಿಲ್ಲ. ನನ್ನ ಅತ್ತೆ ಇದನ್ನು ದೂರಿನಂತೆ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಈಗ ಬರೆಯಲು ಕೂತಿರುವ ಸಿಟ್ಟು ಅರವತ್ತರ ದಶಕದ ಕೊನೆಯಲ್ಲಿ ಹುಟ್ಟಿದ್ದು. ಅದಕ್ಕೆ ಕಾರಣರಾದ ಲೆಕ್ಕದ ಮೇಷ್ಟ್ರು ಸತ್ತು ಬಹಳ ವರ್ಷವಾಯಿತು. ಸುದ್ದಿ ಬಂದ ದಿನ ಮನೆಯವರೆಲ್ಲ ‘ಪಾಪ’ ಎಂದರು. ನಾನು ಅನ್ನಲಿಲ್ಲ. ಆ ಒಂದು ಮಾತು ನನ್ನ ಬಾಯಿಂದ ಅವರಿಗೆ ಸಿಗಲಿಲ್ಲ ಎಂಬುದು ಇವತ್ತಿಗೂ ನನಗೆ ಒಂದು ಸಮಾಧಾನ.

ನಮ್ಮದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಡೆದರೆ ಸಿಗುವ ಹಳ್ಳಿ. ರಾಗಿ, ಅವರೆ, ಜೊತೆಗೆ ಹೊಗೆಸೊಪ್ಪು. ನಾನು ಕೆ.ಆರ್. ನಗರದ ಕಡೆಯವಳು, ನಾಲೆ ನೀರಿನ ಊರಿನವಳು. ಅಲ್ಲಿಯೇ ಹೈಸ್ಕೂಲು ಓದಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಈ ಮಳೆ ನಂಬಿದ ಮನೆಗೆ ಸೊಸೆಯಾಗಿ ಬಂದೆ. ಪಾಸು ಎಂದರೆ ದೊಡ್ಡದೇನಲ್ಲ. ಗಣಿತದಲ್ಲಿ ಸರಿಯಾಗಿ ಮೂವತ್ತೈದು. ಆದರೂ ಆ ಊರಿಗೆ ಅಷ್ಟು ಓದಿ ಬಂದ ಮೊದಲ ಸೊಸೆ ನಾನೇ. ಯಾರಿಗೆ ಕಾಗದ ಬಂದರೂ ಓದಿಸಿಕೊಳ್ಳಲು ನಮ್ಮ ಜಗಲಿಗೆ ಬರುತ್ತಿದ್ದರು. ನಾನೂ ಸ್ವಲ್ಪ ಜಂಬದಿಂದಲೇ ಓದಿ ಹೇಳುತ್ತಿದ್ದೆ.

ನನಗಿದ್ದವಳು ಒಬ್ಬಳೇ ಮಗಳು. ಅವಳಿಗೆ ಲೆಕ್ಕ ಹತ್ತಿಸಿದವರು ನನ್ನ ಮಾವ. ಅವರು ಚಿಕ್ಕಂದಿನಲ್ಲಿ ಕೂಲಿಮಠದಲ್ಲಿ ಮರಳಿನ ಮೇಲೆ ಬರೆದು ಕಲಿತವರು. ಸಹಿ ಹಾಕುವಾಗ ಕೈ ನಡುಗುತ್ತಿತ್ತು, ಮಗ್ಗಿ ಹೇಳುವಾಗ ನಾಲಿಗೆ ನಡುಗುತ್ತಿರಲಿಲ್ಲ. ಒಂದರ ಮಗ್ಗಿ, ಎರಡರ ಮಗ್ಗಿಯಷ್ಟೇ ಅಲ್ಲ; ಕಾಲರ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲರ ಮಗ್ಗಿ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರೆಕಾಯಿ ಬಿಡಿಸುತ್ತ, ‘ಏಳ್ ಮುಕ್ಕಾಲು?’ ಎನ್ನುತ್ತಿದ್ದರು, ಎಂದರೆ ಏಳು ಸಲ ಮುಕ್ಕಾಲು ಎಷ್ಟು ಎಂದು. ಅವಳು ಕಾಳನ್ನು ಮೊರಕ್ಕೆ ಹಾಕುವಷ್ಟರಲ್ಲಿ ‘ಐದೂಕಾಲು’ ಎನ್ನುತ್ತಿದ್ದಳು. ನನಗೆ ಆ ಮಗ್ಗಿ ಬರುತ್ತಿರಲಿಲ್ಲ. ಇಬ್ಬರೂ ಸೇರಿ ನನ್ನನ್ನು ಆಡಿಕೊಂಡು ನಗುತ್ತಿದ್ದರು.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ, ಹದಿಮೂರು ತುಂಬಿದ ವರ್ಷ, ಆ ನಗುವಿಗೆ ಕುತ್ತು ಬಂತು. ಶಾಲೆ ಪಕ್ಕದ ಊರಿನಲ್ಲಿತ್ತು. ಒಂದರಿಂದ ಏಳರವರೆಗೆ ಒಂದೇ ಸಾಲು ಕಟ್ಟಡ. ಆ ವರ್ಷ ಹೊಸದಾಗಿ ಬಂದ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಮೂರೂಮುಕ್ಕಾಲನ್ನು ಹದಿನೇಳರಿಂದ ಗುಣಿಸಲು ಕೊಟ್ಟರು. ಸೀಮೆಸುಣ್ಣ ಕೆಳಗಿಡುವ ಮೊದಲೇ ನನ್ನ ಮಗಳು ಎದ್ದು ‘ಅರವತ್ತಮೂರೂಮುಕ್ಕಾಲು’ ಎಂದಳು. ಸರಿ ಉತ್ತರವೇ. ಆದರೆ ಮೇಷ್ಟ್ರಿಗೆ ಹಂತ ಬೇಕಿತ್ತು. ಮುಕ್ಕಾಲನ್ನು ದಶಮಾಂಶ ಮಾಡಿ, ಒಂದರ ಕೆಳಗೊಂದು ಬರೆದು, ಚುಕ್ಕಿ ಇಟ್ಟು ತೋರಿಸಬೇಕಿತ್ತು. ಅವಳು ಬೋರ್ಡಿನ ಮುಂದೆ ನಿಂತು ತಬ್ಬಿಬ್ಬಾದಳು. ಬಾಯಲ್ಲಿದ್ದದ್ದು ಕೈಗೆ ಬರಲಿಲ್ಲ.

‘ಹಂತ ಎಲ್ಲಮ್ಮ? ಹಂತ ನುಂಗಿಬಿಟ್ಯಾ? ಯಾರು ಹೇಳ್ಕೊಟ್ರು ಉತ್ತರ?’ ಎಂದರಂತೆ.

‘ನಮ್ ತಾತನ ಮಗ್ಗಿ ಸಾರ್.’

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಅವಳ ಕೈಗೆ ಒಂದು ಸ್ಲೇಟು ಕೊಟ್ಟು, ಒಂದನೇ ಕ್ಲಾಸಿನ ಕೋಣೆಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿದ್ದ ಮಣೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂರಿಸಿದರು. ಚಿಕ್ಕ ಮಕ್ಕಳಿಗೆಂದು ಮಾಡಿದ, ನೆಲದಿಂದ ನಾಲ್ಕು ಬೆರಳು ಎತ್ತರದ ಉದ್ದನೆಯ ಮಣೆ ಅದು. ಒಂದಲ್ಲ, ಎರಡಲ್ಲ, ಆರು ದಿನ ಕೂರಿಸಿದರು. ದಾವಣಿ ಹಾಕುವ ವಯಸ್ಸಿಗೆ ಬಂದ ಹುಡುಗಿ ಮೂಗು ಸೋರುವ ಮಕ್ಕಳ ಮಧ್ಯೆ ಮಂಡಿ ಮಡಿಸಿಕೊಂಡು ಕೂತು ಒಂದು, ಎರಡು ತಿದ್ದಿದಳು. ಊಟದ ಬೆಲ್ಲು ಹೊಡೆದಾಗ ಅವಳ ಕ್ಲಾಸಿನವರೆಲ್ಲ ಕಿಟಕಿಯಲ್ಲಿ ಇಣುಕಿ ನೋಡಿ ಹೋಗುತ್ತಿದ್ದರು. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಏಳನೇ ದಿನ ಬೆಳಿಗ್ಗೆ ಹೊಟ್ಟೆನೋವು ಎಂದು ಮಲಗಿದಾಗ ಪಕ್ಕದ ಮನೆಯ ಹುಡುಗಿಯಿಂದ ನನಗೆ ವಿಷಯ ಗೊತ್ತಾಯಿತು.

ನಾನು ಸೆರಗು ಸಿಕ್ಕಿಸಿಕೊಂಡು ನೇರವಾಗಿ ಶಾಲೆಗೆ ನಡೆದೆ. ಜಗಳವಾಡಲು ಹೋಗಿರಲಿಲ್ಲ, ದೇವರಾಣೆ. ಮೇಷ್ಟ್ರೇ, ಮಗು ನೊಂದುಕೊಂಡಿದೆ, ತಪ್ಪಿದ್ದರೆ ನಾನು ತಿದ್ದುತ್ತೇನೆ ಎಂದು ಕೇಳಿಕೊಳ್ಳಲು ಹೋಗಿದ್ದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ನನ್ನ ಕೈಯನ್ನಷ್ಟೇ ನೋಡಿದರು. ಅದು ಸೊಪ್ಪು ಕಟ್ಟುವ ಕಾಲ. ಹಸಿ ಹೊಗೆಸೊಪ್ಪಿನ ಅಂಟು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಬೆರಳೆಲ್ಲ ಕಪ್ಪಾಗಿತ್ತು.

‘ನೋಡೀಮ್ಮ, ನಿಮ್ಮ ಹುಡುಗಿಗೆ ಲೆಕ್ಕ ಹತ್ತಲ್ಲ. ನೀವ್ಯಾಕೆ ತಲೆ ಕೆಡಿಸ್ಕೊತೀರಿ? ಹೊಗೆಸೊಪ್ಪು ಕಟ್ಟೋ ಕೈಗೆ ಎಷ್ಟು ಲೆಕ್ಕ ಬೇಕು?’ ಎಂದರು.

ಆ ವಾಕ್ಯವನ್ನು ನಾನು ಮರೆತಿಲ್ಲ. ಅವರು ಹಾಕಿಕೊಂಡಿದ್ದ ಅಂಗಿಯ ಬಣ್ಣ, ಮೇಜಿನ ಮೇಲಿದ್ದ ಶಾಯಿ ಬಾಟಲಿಯ ಮುಚ್ಚಳ ಇರಲಿಲ್ಲ ಎಂಬುದು, ಯಾವುದನ್ನೂ ಮರೆತಿಲ್ಲ. ಅಲ್ಲಿಯೇ ನಿಂತು ವರ್ಗಾವಣೆ ಪತ್ರ ಬರೆಸಿಕೊಂಡೆ. ‘ಯಾವ ಶಾಲೆಗೆ ಸೇರಿಸ್ತೀರಿ?’ ಎಂದು ಕೇಳಿದರು. ‘ನಮ್ಮನೆಗೆ’ ಎಂದೆ. ಈ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಪಾಸು ಮಾಡಿದ ದಿನ ಅಂಕಪಟ್ಟಿಯನ್ನು ಇದೇ ಮೇಜಿನ ಮೇಲೆ ಇಡುತ್ತೇನೆ, ಇವರ ಮುಖ ನೋಡುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ.

ವಯಸ್ಸು ತುಂಬಿದವರು ಶಾಲೆಗೆ ಹೋಗದೆ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಬಹುದೆಂದು ನನಗೆ ಗೊತ್ತಿತ್ತು. ಉಳಿದ ವಿಷಯಗಳ ಬಗ್ಗೆ ಹೆದರಿಕೆಯಿರಲಿಲ್ಲ, ಅವಳು ಕಾದಂಬರಿ ಓದಿದಂತೆ ಓದಿ ಮುಗಿಸುತ್ತಿದ್ದಳು. ಪ್ರಶ್ನೆ ಲೆಕ್ಕದ್ದು. ಯಾವ ಲೆಕ್ಕ, ಯಾವ ಪುಸ್ತಕ? ಈಗಿನ ತಾಯಂದಿರು ಮಕ್ಕಳಿಗೆ ಪುಸ್ತಕ ಆರಿಸುವಾಗ ಏನೇನು ನೋಡುತ್ತಾರೋ ನನಗೆ ತಿಳಿಯದು. ನಾನು ನೋಡಿದ್ದು ಒಂದೇ: ಆ ಮನುಷ್ಯನ ಮುಖಕ್ಕೆ ಹೊಡೆಯಲು ಯಾವುದು ಗಟ್ಟಿ.

ಮೊದಲು ಬಂದದ್ದು ಮಾವನವರ ಕೂಲಿಮಠದ ಲೆಕ್ಕ. ತಮ್ಮ ಮಗ್ಗಿಯಿಂದಲೇ ಮೊಮ್ಮಗಳಿಗೆ ಅವಮಾನವಾಯಿತೆಂದು ಅವರು ಎರಡು ದಿನ ಊಟ ಬಿಟ್ಟಿದ್ದರು. ಮೂರನೇ ದಿನ ನನ್ನ ಹತ್ತಿರ ಬಂದು, ‘ನಂಗೆ ಬುಟ್ಬುಡು ಕಣವ್ವ. ಪುಸ್ತಕ ಯಾಕೆ? ವರ್ಸ ಒಂದ್ರಲ್ಲಿ ಆ ಮೇಷ್ಟ್ರುನ್ನೇ ಎದುರ್ಗೆ ಕೂರ್ಸಿ ಕೇಳೋ ಅಂಗ್ ಮಾಡ್ತೀನಿ’ ಎಂದರು.

‘ಪರೀಕ್ಷೆಯಲ್ಲಿ ಬಾಯಲ್ಲಿ ಕೇಳಲ್ಲ ಮಾವ, ಬರೀಬೇಕು’ ಎಂದೆ.

‘ಉತ್ರ ಸರಿಗಿದ್ರೆ ಸಾಲ್ದಾ?’

ಸಾಲದು ಎಂದು ಆ ಮುದುಕನಿಗೆ ಹೇಳಲು ನನಗೂ ಬೇಸರವಾಯಿತು. ಹಾಗೆ ಹೇಳಿದರೆ ಮೇಷ್ಟ್ರ ಮಾತನ್ನೇ ನಾನು ಆಡಿದಂತೆ ಆಗುತ್ತಿತ್ತು.

ಎರಡನೆಯದು ನನ್ನದೇ ಹಳೆಯ ಪುಸ್ತಕ. ಮದುವೆಯಲ್ಲಿ ತಂದ ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇತ್ತು. ನನಗೆ ಗೊತ್ತಿದ್ದ ಪುಸ್ತಕ, ನನ್ನ ಕೈಬರಹ ಅಂಚಿನಲ್ಲಿದ್ದ ಪುಸ್ತಕ. ಆದರೆ ಅದರ ತುಂಬ ಮಣ, ಸೇರು, ಗಜ, ಅಡಿ. ಅಷ್ಟರಲ್ಲಿ ಕಿಲೋ, ಮೀಟರು ಬಂದು ವರ್ಷಗಳಾಗಿದ್ದವು. ಏನು ಮಹಾ ಎಂದು ನಾನು ಪೆನ್ನು ತೆಗೆದುಕೊಂಡು, ಸೇರು ಇದ್ದಲ್ಲೆಲ್ಲ ಹೊಡೆದು ಕಿಲೋ ಎಂದು ಬರೆದೆ. ಗಜ ಇದ್ದಲ್ಲಿ ಮೀಟರು ಎಂದು ಬರೆದೆ. ಒಂದು ವಾರ ಕೂತು ಇಡೀ ಪುಸ್ತಕ ತಿದ್ದಿದೆ. ಮಗಳು ಮೊದಲ ಲೆಕ್ಕ ಮಾಡಿ ಹಿಂದಿನ ಪುಟದ ಉತ್ತರ ನೋಡಿದಳು, ಕೂಡಲಿಲ್ಲ. ಎರಡನೆಯದೂ ಕೂಡಲಿಲ್ಲ. ಮಣಕ್ಕೆ ನಲವತ್ತು ಸೇರು, ನಲವತ್ತು ಕಿಲೋ ಅಲ್ಲ; ನಾನು ಸೇರನ್ನು ಮಾತ್ರ ಬದಲಾಯಿಸಿ, ಮಣವನ್ನು ಇದ್ದ ಹಾಗೇ ಬಿಟ್ಟಿದ್ದೆ. ಮಾವ ಬಿದ್ದು ಬಿದ್ದು ನಕ್ಕರು. ಮೂವತ್ತೈದು ತೆಗೆದವಳು ನೀನೇನಾ ಎಂದು ಯಜಮಾನರೂ ಕಿಚಾಯಿಸಿದರು. ಆ ಪುಸ್ತಕವನ್ನು ಮತ್ತೆ ಟ್ರಂಕಿಗೆ ಹಾಕಿದೆ.

ಮೂರನೆಯದು ಹುಣಸೂರಿನ ಪುಸ್ತಕದ ಅಂಗಡಿಯದು. ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ. ನಾನು ಅದನ್ನು ಆರಿಸಿದ್ದು ಹಿಂಭಾಗದಲ್ಲಿ ಎಲ್ಲ ಲೆಕ್ಕಕ್ಕೂ ಉತ್ತರವಿದ್ದ ಕಾರಣಕ್ಕೆ. ಉತ್ತರವಿಲ್ಲದ ಪುಸ್ತಕ ನನಗೆ ಕುರುಡು ದಾರಿ. ಉತ್ತರವಿದ್ದರೆ, ಮಗಳದು ಕೂಡದಿದ್ದಾಗ ಇಬ್ಬರೂ ಸೇರಿ ಎಲ್ಲಿ ಎಡವಿದೆವೆಂದು ಹುಡುಕಬಹುದು. ಹುಡುಕಿದೆವು ಕೂಡ. ಮೂರೂವರೆ ವರ್ಷ ಹುಡುಕಿದೆವು. ಬೆಳಿಗ್ಗೆ ಜಗಲಿಯ ಮೇಲೆ ಬೀಜಗಣಿತ, ಮಧ್ಯಾಹ್ನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಿನಲ್ಲಿ ರೇಖಾಗಣಿತ. ಬ್ಯಾರನ್ನಿನ ಗೋಡೆಗೆ ಕೆಮ್ಮಣ್ಣು ಬಳಿದು, ಅವಳಿಗೆ ಬೋರ್ಡು ಮಾಡಿಕೊಟ್ಟಿದ್ದೆ. ನಾನು ಸೊಪ್ಪನ್ನು ಕೋಲಿಗೆ ಕಟ್ಟುತ್ತ ಕೂತಿರುತ್ತಿದ್ದೆ, ಅವಳು ಸೀಮೆಸುಣ್ಣ ಹಿಡಿದು ನಿಂತಿರುತ್ತಿದ್ದಳು. ಒಂದು ಹಂತ ಬಿಟ್ಟರೂ ಬೈಯುತ್ತಿದ್ದೆ. ‘ಆ ಮೇಷ್ಟ್ರಿಗೆ ತೋರಿಸಬೇಕು ಕಣೇ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವಳು ಒಂದು ದಿನವೂ ‘ಹೂಂ’ ಎನ್ನಲಿಲ್ಲ, ‘ಉಹುಂ’ ಎನ್ನಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಬೇರೆ. ಮೈಸೂರಿನಲ್ಲಿ ನರ್ಸ್ ಟ್ರೈನಿಂಗಿಗೆ ಸೇರಬೇಕು, ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು, ಅಷ್ಟೇ ಅವಳ ಆಸೆ. ಅವಳಪ್ಪನಿಗೆ ಇಬ್ಬರ ಹುಚ್ಚೂ ಹಿಡಿಸಿರಲಿಲ್ಲ. ‘ಎರಡು ಸಲ ನೋಡ್ತೀನಿ. ಎರಡ್ನೇ ಸಲಾನೂ ಆಗ್ಲಿಲ್ವಾ, ಕೋಟೆ ಕಡೆಯಿಂದ ಬಂದಿರೋ ಸಂಬಂಧಕ್ಕೆ ಒಪ್ಕೊಬುಡೋದೇ’ ಎಂದು ಕಡ್ಡಿ ಮುರಿದಂತೆ ಹೇಳಿದರು. ಕೋಟೆಯೆಂದರೆ ಎಚ್.ಡಿ. ಕೋಟೆ. ಗಂಡಿನ ಮನೆಯವರು ಒಳ್ಳೆಯವರೇ ಇದ್ದಿರಬೇಕು, ನಾನು ವಿಚಾರಿಸಲೂ ಹೋಗಲಿಲ್ಲ. ಹಾಗಾಗಿ ಅವಳ ಪಾಲಿಗೆ ಅದು ಎರಡೇ ಅವಕಾಶದ ಪರೀಕ್ಷೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ತಪ್ಪು ಮಾಡಿದೆ.

ಪರೀಕ್ಷೆಗೆ ಇನ್ನು ಎಂಟು ತಿಂಗಳಿರುವಾಗ ಅರ್ಜಿಯ ಕೆಲಸಕ್ಕೆಂದು ನಾವಿಬ್ಬರೂ ಹುಣಸೂರಿಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತ, ಮಗಳು ಪುಸ್ತಕ ತೆರೆದುಕೊಂಡು ಕೂತಿದ್ದಳು. ಎದುರಿಗೆ ಅದೇ ಮೇಷ್ಟ್ರು. ಅಷ್ಟು ವರ್ಷದಲ್ಲಿ ತಲೆ ಅರ್ಧ ಬೆಳ್ಳಗಾಗಿತ್ತು. ಮಗಳ ಕೈಯ ಪುಸ್ತಕವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಹತ್ತಿರ ಬಂದರು.

‘ಅಮ್ಮಾ, ಈ ಪುಸ್ತಕ ಹೋಯ್ತು ಕಣ್ರಮ್ಮ. ಈ ಸಲದಿಂದ ಹೊಸ ಗಣಿತ ಬರ್ತದೆ. ಬೇಸಿಗೇಲಿ ನಮ್ಗೆಲ್ಲ ಮೈಸೂರಲ್ಲಿ ತರಬೇತಿ ಕೊಟ್ರು. ಗಣಗಳು ಅಂತ ಹೊಸ ಪಾಠ, ಇನ್ನೂ ಏನೇನೋ ಇದೆ. ಈ ಮಗು ಹಳೇದು ಓದ್ಕೊಂಡು ಹೋದ್ರೆ...’

‘ನಿಮ್ಮ ತರಬೇತಿ ನಿಮ್ಮತ್ರಾನೇ ಇರ್ಲಿ ಮೇಷ್ಟ್ರೇ’ ಎಂದೆ. ಬಸ್ ಸ್ಟ್ಯಾಂಡಿನ ಅರ್ಧ ಜನ ತಿರುಗಿ ನೋಡಿದರು. ‘ಒಂದನೇ ಕ್ಲಾಸಲ್ಲಿ ಕೂರಿಸಿದ್ದು ಸಾಲ್ಲಿಲ್ವಾ? ಈಗ ದಾರಿ ತಪ್ಸೋಕೆ ಬಂದ್ರಾ?’

ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ನನಗೆ ಎಂಥ ಸಂತೋಷವಾಯಿತೆಂದರೆ ಮನೆಗೆ ಬಂದು ಪಾಯಸ ಮಾಡಿದೆ. ಮಗಳು ಮಾತ್ರ ‘ಅವ್ವ, ಒಂದ್ಸಲ ಅಂಗಡೀಲಿ ಕೇಳ್ನೋಡಾಣ’ ಎಂದಳು. ಅವಳ ಕಾಟಕ್ಕೆ ಮುಂದಿನ ವಾರ ಅಂಗಡಿಗೂ ಹೋದೆ. ಅಂಗಡಿಯವನು, ಹೊಸ ಪುಸ್ತಕ ಬಂದಿರುವುದು ನಿಜ, ಆದರೆ ಖಾಸಗಿಯವರಿಗೆ ಹಳೇದೇ ನಡೆಯುತ್ತದೆ ಎಂದ. ಹಿಂದೆ ಫೇಲಾಗಿ ಮತ್ತೆ ಕಟ್ಟುವವರಿಗೆ ಹಳೆಯದು, ಹೊಸದಾಗಿ ಕಟ್ಟುವವರಿಗೆ ಹೊಸದು ಎಂಬ ಭೇದ ಅವನಿಗೂ ಗೊತ್ತಿರಲಿಲ್ಲ. ನಾನಾದರೂ ಇನ್ನೊಬ್ಬರನ್ನು ಕೇಳಬಹುದಿತ್ತು. ಕೇಳಲಿಲ್ಲ. ಮೇಷ್ಟ್ರ ಮಾತು ಸುಳ್ಳಾಗಬೇಕಿತ್ತು ನನಗೆ. ಸುಳ್ಳೆಂದು ಯಾರು ಹೇಳಿದರೂ ಸಾಕಿತ್ತು.

ಗಣಿತದ ಪರೀಕ್ಷೆಯ ದಿನ ಹುಣಸೂರಿನಲ್ಲಿ ಪರೀಕ್ಷೆಯ ಕಟ್ಟಡದ ಹೊರಗೆ ಮರದ ಕೆಳಗೆ ಕೂತಿದ್ದೆ. ಅವಳು ಎಲ್ಲರಿಗಿಂತ ಮೊದಲು ಹೊರಗೆ ಬಂದಳು. ಅಳಲಿಲ್ಲ. ಪ್ರಶ್ನೆಪತ್ರಿಕೆಯನ್ನು ನನ್ನ ಮಡಿಲಿಗೆ ಹಾಕಿ, ‘ನೀನೇ ಓದವ್ವ’ ಎಂದಳು. ಒಂದರೊಳಗೊಂದು ಸೇರಿಕೊಂಡ ಎರಡು ಉಂಗುರಗಳ ಚಿತ್ರವಿತ್ತು, ಅದರ ಕೆಳಗಿನ ಕನ್ನಡವೇ ನನಗೆ ಅರ್ಥವಾಗಲಿಲ್ಲ. ಇಪ್ಪತ್ತೆಂಟು ಅಂಕ ಬಂತು. ಬೇರೆ ವಿಷಯಗಳಲ್ಲೆಲ್ಲ ಚೆನ್ನಾಗಿ ಪಾಸು, ಲೆಕ್ಕದಲ್ಲಿ ಫೇಲು.

ಇಷ್ಟಾದ ಮೇಲೆ ನನಗೆ ನನ್ನ ಮೇಲೆ ಸಿಟ್ಟು ಬರಬೇಕಿತ್ತು. ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅವರ ಮೇಲೆಯೇ. ನನ್ನ ಮಗಳನ್ನು ಹಾಳು ಮಾಡಿದವನು ಕೊನೆಗೆ ನಿಜ ಹೇಳಿದವನೂ ಆಗಿಬಿಟ್ಟನಲ್ಲ! ದ್ವೇಷಿಸುವವರು ಪೂರ್ತಿ ಕೆಟ್ಟವರಾಗಿರಬೇಕು. ಆ ಸೌಕರ್ಯವನ್ನೂ ಅವರು ನನಗೆ ಉಳಿಸಲಿಲ್ಲ.

ಕೆ.ಆರ್. ನಗರದಲ್ಲಿದ್ದ ನನ್ನ ತಮ್ಮನಿಗೆ ಬರೆದು ಹೊಸ ಪುಸ್ತಕ ತರಿಸಿದೆ. ಅದರಲ್ಲಿ ಎಲ್ಲ ಲೆಕ್ಕಕ್ಕೂ ಉತ್ತರವಿರಲಿಲ್ಲ. ಇದ್ದರೂ ಪ್ರಯೋಜನವಿರಲಿಲ್ಲ, ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ಮೊದಲ ಪಾಠವನ್ನು ಹನ್ನೊಂದು ಸಲ ಓದಿದೆ. ನಾಚಿಕೆ ಬಿಟ್ಟು ಮಗಳಿಗೆ ಹೇಳಿದೆ, ‘ಇದು ನನ್ನ ಕೈಲಿ ಆಗಲ್ಲ ಕಣೇ.’

‘ನಾನೇ ಓದ್ಕತೀನಿ ಬುಡವ್ವ’ ಎಂದಳು. ‘ಓದ್ಕಂಡು ನಿಂಗೂ ಏಳ್ಕೊಡ್ತೀನಿ.’

ಮತ್ತು ಹಾಗೆಯೇ ಮಾಡಿದಳು. ಪ್ರತಿ ಭಾನುವಾರ ನಾನು ಸೊಪ್ಪು ಕಟ್ಟುತ್ತಿದ್ದರೆ ಅವಳು ಬ್ಯಾರನ್ನಿನ ಗೋಡೆಯ ಮುಂದೆ ನಿಂತು ನನಗೆ ಪಾಠ ಮಾಡುತ್ತಿದ್ದಳು. ಅವರೆಕಾಳು ಒಂದು ಗುಂಪು, ಬಿಳಿ ಬಣ್ಣದ ಕಾಳು ಇನ್ನೊಂದು ಗುಂಪು, ಬಿಳಿ ಅವರೆ ಎರಡಕ್ಕೂ ಸೇರಿದ್ದು ಎಂದು ಮೊರದಲ್ಲಿ ಹಗ್ಗದ ಎರಡು ಸುತ್ತು ಹಾಕಿ ತೋರಿಸಿದಳು. ನನಗೆ ತಟ್ಟನೆ ತಿಳಿಯಿತು. ಮಾವನವರೂ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ನಾನು ಅವಸರ ಮಾಡಿದರೆ ‘ಹಂತ ನುಂಗ್ಬ್ಯಾಡ ಕಣವ್ವ’ ಎನ್ನುತ್ತಿದ್ದಳು. ಯಾರ ಸಹಾಯವೂ ಇಲ್ಲದೆ ತಾನೇ ಓದಿ ಇಷ್ಟು ತಿಳಿದುಕೊಂಡಳಲ್ಲ ಎಂದು ಎದೆ ಉಬ್ಬುತ್ತಿತ್ತು. ಬಾವಿಯ ಹತ್ತಿರ ಸಿಕ್ಕಿದವರಿಗೆಲ್ಲ ಹೇಳಿಕೊಂಡೆ.

ಆ ವರ್ಷ ನನಗೆ ಇನ್ನೊಬ್ಬನ ಮೇಲೂ ಸಿಟ್ಟಿತ್ತು. ಶಾಲೆಯಿದ್ದ ಆ ಪಕ್ಕದ ಊರಿನಲ್ಲೇ ಹಿಟ್ಟಿನ ಗಿರಣಿಯೂ ಇತ್ತು. ನಾವೆಲ್ಲ ಮಿಲ್ಲು ಎನ್ನುತ್ತಿದ್ದೆವು. ಶನಿವಾರ ಶನಿವಾರ ಮಗಳು ರಾಗಿ ಹೊತ್ತುಕೊಂಡು ಬೆಳಿಗ್ಗೆ ಹೋದರೆ ಮಧ್ಯಾಹ್ನ ಎರಡು ದಾಟಿದ ಮೇಲೆ ಬರುತ್ತಿದ್ದಳು. ಅರ್ಧ ದಿನ ಓದು ಹಾಳು. ಒಂದು ದಿನ ನಾನೇ ಹೋಗಿ ಮಿಲ್ಲಿನವನಿಗೆ ಮುಖಕ್ಕೆ ಮಂಗಳಾರತಿ ಎತ್ತಿದೆ. ಪರೀಕ್ಷೆಗೆ ಓದುವ ಹುಡುಗಿಯನ್ನು ಸಾಲಿನಲ್ಲಿ ಕೊಳೆ ಹಾಕ್ತೀಯಲ್ಲ, ನಿನಗೆ ಮಕ್ಕಳಿಲ್ವಾ ಎಂದೆ. ಅವನು ತಲೆ ಕೆರೆದುಕೊಂಡು, ‘ಏನ್ ಮಾಡ್ಲವ್ವ, ಬೆಲ್ಟು ಸರಿಗಿಲ್ಲ’ ಎಂದ. ಇಡೀ ವರ್ಷ ನಿನ್ನ ಬೆಲ್ಟು ಸರಿಯಿಲ್ಲವೇ ಎಂದು ಇನ್ನೂ ನಾಲ್ಕು ಬೈದು ಬಂದೆ.

ಎರಡನೇ ಸಲ ಅವಳು ಪರೀಕ್ಷೆ ಮುಗಿದು ಬೆಲ್ಲು ಹೊಡೆಯುವ ತನಕ ಹೊರಗೆ ಬರಲಿಲ್ಲ. ಪೇಪರಿನಲ್ಲಿ ನಂಬರು ಬಂದ ದಿನ ಮಾವ ಊರಿಗೆಲ್ಲ ಬೆಲ್ಲ ಹಂಚಿದರು. ಯಜಮಾನರು ಕೋಟೆಯವರಿಗೆ ಆಗುವುದಿಲ್ಲ ಎಂದು ಕಾಗದ ಬರೆಯಲು ನನಗೇ ಹೇಳಿದರು. ಆಮೇಲೆ ಅಂಕಪಟ್ಟಿ ಬಂತು. ಗಣಿತದಲ್ಲಿ ಎಪ್ಪತ್ತೊಂದು! ನನ್ನದರ ಎರಡರಷ್ಟು, ಮೇಲೊಂದು.

ಮಾರನೆಯ ದಿನ ಬೆಳಿಗ್ಗೆ ಮದುವೆಮನೆಗೆ ಉಡುವ ಸೀರೆ ಉಟ್ಟು, ಅಂಕಪಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಗೆ ಹೊರಟೆ. ಮಗಳಿಗೆ ಹೇಳಲಿಲ್ಲ. ಐದು ವರ್ಷದಿಂದ ಬಾಯಿಪಾಠ ಮಾಡಿದ್ದ ಮಾತನ್ನು ದಾರಿಯಲ್ಲಿ ಇನ್ನೊಂದು ಸಲ ಹೇಳಿಕೊಂಡೆ. ಕೈ ತೊಳೆದಿರಲಿಲ್ಲ, ಬೇಕೆಂದೇ. ಸೊಪ್ಪಿನ ಅಂಟು ಹಾಗೇ ಇರಲಿ ಎಂದು.

ಮೇಷ್ಟ್ರು ಅದೇ ಮೇಜಿನ ಮುಂದೆ ಕೂತಿದ್ದರು. ಅಂಕಪಟ್ಟಿಯನ್ನು ಅವರ ಹಾಜರಿ ಪುಸ್ತಕದ ಮೇಲೆ ಇಟ್ಟು, ಕಪ್ಪು ಬೆರಳನ್ನು ಗಣಿತದ ಸಾಲಿನ ಮೇಲೆ ಊರಿ, ‘ಹೊಗೆಸೊಪ್ಪು ಕಟ್ಟೋ ಕೈಗೆ ಎಷ್ಟು ಲೆಕ್ಕ ಬೇಕು ಅಂತ ಕೇಳಿದ್ರಲ್ಲ, ಇಷ್ಟು ಬೇಕು ನೋಡ್ಕಳಿ’ ಎಂದೆ.

ಅವರ ಮುಖ ಸಣ್ಣದಾಗಲೆಂದು ಕಾದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

‘ಎಪ್ಪತ್ತೊಂದಾ? ಎಂಬತ್ತು ಬರ್ಬೇಕಿತ್ತಲ್ಲ. ರೇಖಾಗಣಿತದಲ್ಲಿ ಕೈ ಕೊಟ್ಟವ್ಳೆ. ಎಷ್ಟು ಹೇಳಿದ್ದೆ ಪ್ರಮೇಯ ಇನ್ನೊಂದ್ಸಲ ನೋಡ್ಕೊ ಅಂತ.’

‘ಯಾರಿಗೆ ಹೇಳಿದ್ರಿ?’

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಮನೇಲಿ ಹೇಳಿಲ್ವಾ ಅವ್ಳು? ಶನಿವಾರ ಶಾಲೆ ಬಿಟ್ಟ ಮೇಲೆ ಬರ್ತಿದ್ಲಲ್ಲ.’ ಮಂಡಿಯನ್ನು ಉಜ್ಜಿಕೊಂಡರು. ‘ಆ ಮಣೆ ಮೇಲೆ ಕೂತು ಕೂತು ನನ್ನ ಮಂಡಿ ಹೋಯ್ತು ಕಣ್ರಮ್ಮ. ಮಿಕ್ಕಿದ್ದು ಅವಳನ್ನೇ ಕೇಳಿ.’

ಅಂಕಪಟ್ಟಿ ಎತ್ತಿಕೊಂಡು ಹೇಗೆ ಮನೆ ಸೇರಿದೆನೋ ಗೊತ್ತಿಲ್ಲ. ಮಗಳು ಬ್ಯಾರನ್ನಿನ ನೆರಳಿನಲ್ಲಿ ಸೊಪ್ಪು ಕಟ್ಟುತ್ತಿದ್ದಳು. ನನ್ನ ಸೀರೆ ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು, ಎಲ್ಲಿಗೆ ಹೋಗಿ ಬಂದೆನೆಂದು ಅವಳಿಗೆ ತಿಳಿದುಹೋಯಿತು.

‘ಎಷ್ಟು ದಿನ ಹೋದೆ?’ ಎಂದೆ.

‘ವರ್ಸ ಪೂರ್ತಿ. ರಾಗಿ ಮಿಲ್ಲಲ್ಲಿ ಇಟ್ಟು ಓಯ್ತಿದ್ದೆ.’

‘ನನ್ನ ಹೊಟ್ಟೆ ಉರ್ಸಿದೋನ ಹತ್ರ ಹೋಗಿ ಕೈ ಚಾಚಿದ್ಯಲ್ಲೇ! ನಾಚ್ಕೆ ಆಗ್ಲಿಲ್ವಾ ನಿಂಗೆ?’

‘ಕೈ ಚಾಚ್ಲಿಲ್ಲ ಕಣವ್ವ’ ಎಂದಳು. ಕೈಯ ಕೆಲಸ ನಿಲ್ಲಿಸಲಿಲ್ಲ. ‘ನೀವು ನಂಗೆ ಆರು ದಿನದ ಬಾಕಿ ಕೊಡ್ಬೇಕು ಸಾರ್, ಅದ್ಕೆ ಬಂದೀನಿ ಅಂದೆ. ಕುರ್ಚಿ ಮೇಲೆ ಕೂತ್ಕಂಡು ಏಳ್ಕೊಡ್ತೀನಿ ಬಾ ಅಂದ್ರು. ಆಗಕ್ಕಿಲ್ಲ ಅಂದೆ. ಒಂದ್ನೇ ಕ್ಲಾಸ್ನಲ್ಲಿ ನನ್ನ ಕೂರ್ಸಿದ್ರಲ್ಲ, ಅದೇ ಮಣೆ ಮೇಲೆ ನೀವ್ ಕೂತ್ಕಳಿ, ಸ್ಲೇಟು ಇಡ್ಕಳಿ. ನಾನು ಕುರ್ಚಿ ಮೇಲೆ ಕೂತ್ಕಂಡು ಕಲೀತೀನಿ ಅಂದೆ.’

ಸೀರೆ ಹಾಳಾಗುತ್ತದೆಂದೂ ನೋಡದೆ ಸೊಪ್ಪಿನ ರಾಶಿಯ ಮೇಲೆ ಕೂತೆ.

‘ಕೂತ್ರಾ?’

‘ಸುಮಾರೊತ್ತು ನಿಂತಿದ್ರು. ಆಮೇಲೆ ಕೂತ್ರು.’

‘ಆ ಮೂಲೇಲೇ?’

‘ಆ ಮೂಲೇಲೇ.’

‘ಎಷ್ಟು ಶನಿವಾರ?’

‘ಎಲ್ಲಾ ಶನಿವಾರನೂವೆ.’

ಮಂಡಿ ಎದೆಗೆ ತಾಗುತ್ತಿತ್ತಾ? ಪಂಚೆ ಮಣ್ಣಾಗ್ತಿತ್ತಾ? ಯಾರಾದರೂ ನೋಡಿದರಾ? ಒಂದಾದ ಮೇಲೊಂದು ಕೇಳಿದೆ. ಮಿಲ್ಲಿನವನು ಕಿಟಕಿಯಲ್ಲಿ ನೋಡಿದ್ದನಂತೆ. ಆ ಬೋಳೀಮಗ ನೋಡಿದ್ದಾನೆ, ನಾನು ನೋಡಿಲ್ಲ! ಐದು ವರ್ಷ ಹಲ್ಲು ಕಚ್ಚಿಕೊಂಡು ಬದುಕಿದವಳು ನಾನು. ಮೇಷ್ಟ್ರು ಪಶ್ಚಾತ್ತಾಪಪಟ್ಟು ಕೂತರೋ, ಹುಡುಗಿಯ ಹಟಕ್ಕೆ ಸೋತು ಕೂತರೋ, ಅದು ನನಗೆ ಬೇಕಿಲ್ಲ. ಅವರು ಕೂತಿದ್ದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೆ.

‘ಒಂದಿನ, ಒಂದೇ ಒಂದಿನ ನನ್ನ ಕರ್ಕೊಂಡ್ ಹೋಗಿದ್ರೆ ನಿನ್ನ ಗಂಟೇನ್ ಹೋಗ್ತಿತ್ತೇ?’ ಎಂದು ಕೇಳಿದೆ.

ಅವಳು ಕಟ್ಟಿದ ಕೋಲನ್ನು ಪಕ್ಕಕ್ಕಿಟ್ಟು, ಮೊದಲ ಸಲ ನನ್ನ ಮುಖ ನೋಡಿ ಹೇಳಿದಳು. ‘ನೀನ್ ಬಂದಿದ್ರೆ ಅದು ನಿನ್ ಸೇಡಾಗ್ಬುಡೋದು ಕಣವ್ವ. ಮಣೆ ಮೇಲೆ ಕೂತಿದ್ದೋಳು ನಾನು.’

ಮುಂದಿನ ತಿಂಗಳು ಅವಳು ಮೈಸೂರಿಗೆ ಹೊರಟುಹೋದಳು. ಆ ಶನಿವಾರ ರಾಗಿಯನ್ನು ನಾನೇ ಹೊತ್ತುಕೊಂಡು ಮಿಲ್ಲಿಗೆ ಹೋದೆ. ಮಿಲ್ಲಿನವನು ನನ್ನನ್ನು ಕಂಡದ್ದೇ ಬೇರೆಯವರ ಚೀಲ ಪಕ್ಕಕ್ಕಿಟ್ಟು ನಮ್ಮ ರಾಗಿಯನ್ನು ಹತ್ತು ನಿಮಿಷದಲ್ಲಿ ಬೀಸಿಕೊಟ್ಟ. ಬೆಲ್ಟು ಚೆನ್ನಾಗಿಯೇ ಇತ್ತು. ವಾಪಸು ಬರುವಾಗ ಶಾಲೆಯ ಹತ್ತಿರ ನಿಂತೆ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಹಿಟ್ಟಿನ ಚೀಲವನ್ನು ತಲೆಯ ಮೇಲಿಂದ ಇಳಿಸಿ, ಒಂದನೇ ಕ್ಲಾಸಿನ ಕಿಟಕಿಯ ಸರಳು ಹಿಡಿದು ಒಳಗೆ ನೋಡಿದೆ. ಮೂಲೆಯಲ್ಲಿ ಮಣೆ ಇತ್ತು, ಅದರ ಎದುರಿಗೆ ಕುರ್ಚಿ ಇತ್ತು. ಎರಡೂ ಖಾಲಿಯಿದ್ದವು. ಬಹಳ ಹೊತ್ತು ನೋಡಿ ಮನೆಗೆ ಬಂದೆ.